ಒಳಗೊಂದು, ಹೊರಗೊಂದು

ಬನಶಂಕರಿ ಜಾತ್ರೆಗೆ ಹೋದವರು ಬರುವಾಗ ಬಾಗಿಲು ತರುತ್ತಾರೆ. ಬಾದಾಮಿಯಿಂದ ಐದು ಕಿಲೊಮೀಟರ್ ದೂರದ ಚೊಳಚಗುಡ್ಡದಲ್ಲಿ, ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ನಡೆಯುವ ಈ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಯಷ್ಟೇ ಹೆಸರಾದದ್ದು ಕಟ್ಟಿಗೆ ಸಾಮಾನಿನ ಸಾಲು. ಚೌಕಟ್ಟು, ಕದ, ಕಿಟಕಿ. ಮನೆ ಕಟ್ಟಿಸುವವರು ಇದಕ್ಕೆಂದೇ ಕಾಯ್ದು ಬರುತ್ತಾರೆ. ಈ ಸೀಮೆಯಲ್ಲಿ ಗೋಡೆಗೆ ಕಲ್ಲಿನ ಬರವಿಲ್ಲ. ಆದರೆ ಬಾಗಿಲನ್ನು ಆರಿಸಬೇಕು, ಅಳೆಯಬೇಕು, ಚೌಕಾಸಿ ಮಾಡಬೇಕು.

ಜೀವಕೋಶದ ಲೆಕ್ಕವೂ ಅಷ್ಟೇ. ಗೋಡೆ ಅಗ್ಗ, ಬಾಗಿಲು ದುಬಾರಿ.

ಕೋಶದ ಗೋಡೆ ಎಂದರೆ ಎರಡು ಪದರ ಕೊಬ್ಬು. ಲಿಪಿಡ್ ಎನ್ನುವ ಅಣುಗಳಿಗೆ ನೀರನ್ನು ಬಯಸುವ ತಲೆ, ನೀರಿಗೆ ಹೆದರುವ ಬಾಲ. ನೀರಿನಲ್ಲಿ ಬಿಟ್ಟರೆ ಅವು ತಾವಾಗಿಯೇ ಬಾಲಕ್ಕೆ ಬಾಲ ಕೊಟ್ಟು ಎರಡು ಸಾಲಾಗಿ ನಿಲ್ಲುತ್ತವೆ, ಯಾರೂ ಕಟ್ಟಬೇಕಿಲ್ಲ. ಹೀಗೆ ನಿಂತ ಕೋಶಪೊರೆಯ ದಪ್ಪ ಸುಮಾರು 5 ನ್ಯಾನೊಮೀಟರ್. ಹತ್ತು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ತೆಳುವಾದ ಕೂದಲೆಳೆಯ ದಪ್ಪವಾದೀತು. ಎಣ್ಣೆಯಲ್ಲಿ ಕರಗುವ ವಸ್ತುಗಳು ಕೋಶದೊಳಗೆ ಸಲೀಸಾಗಿ ನುಗ್ಗುತ್ತವೆ ಎಂದು 1890ರ ದಶಕದಲ್ಲಿ ಜ್ಯೂರಿಕ್‌ನ ಅರ್ನೆಸ್ಟ್ ಓವರ್ಟನ್ ಕಂಡುಕೊಂಡಿದ್ದ. ಪದರ ಎರಡೇ ಎಂದು 1925ರಲ್ಲಿ ಹೇಳಿದವರು ಲೈಡನ್‌ನ ಗೋರ್ಟರ್ ಮತ್ತು ಗ್ರೆಂಡೆಲ್. ಕೆಂಪು ರಕ್ತಕಣಗಳ ಕೊಬ್ಬನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದರೆ, ಅದು ಕಣಗಳ ಮೈಹರವಿನ ಎರಡು ಪಟ್ಟು ಜಾಗ ಹಿಡಿಯಿತು. ತಮಾಷೆಯೆಂದರೆ ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೈಹರವನ್ನೂ ಕಡಿಮೆ ಅಳೆದಿದ್ದರು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿ ಉತ್ತರ ಸರಿ ಬಂತು!

ಈ ಗೋಡೆಯನ್ನು ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ಮದ್ಯಸಾರ ಬಾಗಿಲಿಲ್ಲದೆಯೇ ದಾಟುತ್ತವೆ. ಉಪ್ಪು ದಾಟದು, ಸಕ್ಕರೆ ದಾಟದು. ನೀರು ಕೂಡ ಅಷ್ಟಿಷ್ಟು ಒಸರೀತೇ ಹೊರತು ಹರಿಯದು. ಆದರೆ ಕೋಶ ಬದುಕುವುದೇ ನೀರು, ಉಪ್ಪು, ಸಕ್ಕರೆಯ ಮೇಲೆ. ಹಾಗಾಗಿ ಪೊರೆಯ ತುಂಬ ಪ್ರೋಟೀನಿನ ಬಾಗಿಲುಗಳಿವೆ, ಒಂದೊಂದು ವಸ್ತುವಿಗೆ ಒಂದೊಂದು.

ನೀರಿನ ಬಾಗಿಲು ಸಿಕ್ಕಿದ್ದು ಅಕಸ್ಮಾತ್ತಾಗಿ. ಅಮೆರಿಕದ ಪೀಟರ್ ಆಗ್ರೆ ರಕ್ತದ ಆರ್‌ಎಚ್ ಗುಂಪಿನ ಪ್ರೋಟೀನನ್ನು ಹುಡುಕುತ್ತಿದ್ದಾಗ ಬೇಡದ ಒಂದು ಪ್ರೋಟೀನ್ ಮತ್ತೆ ಮತ್ತೆ ಕೈಗೆ ಬರುತ್ತಿತ್ತು. 1992ರಲ್ಲಿ ಅದನ್ನು ಕಪ್ಪೆಯ ಮೊಟ್ಟೆಯಲ್ಲಿ ಬೆಳೆಸಿ ಸಪ್ಪೆ ನೀರಿಗೆ ಹಾಕಿ ನೋಡಿದರು. ಮಾಮೂಲಿ ಮೊಟ್ಟೆ ಸುಮ್ಮನಿತ್ತು. ಆ ಪ್ರೋಟೀನಿದ್ದ ಮೊಟ್ಟೆ ನೀರು ಕುಡಿದು ಉಬ್ಬಿ ಒಡೆಯಿತು. ಅಕ್ವಾಪೊರಿನ್ ಎಂದು ಹೆಸರಿಟ್ಟ ಈ ಬಾಗಿಲಿನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಸಾಲುಗಟ್ಟಿ ಹಾಯುತ್ತವೆ.

ಪೊಟ್ಯಾಸಿಯಂ ಬಾಗಿಲಿನ ಜಾಣತನ ಇನ್ನೂ ಒಂದು ಕೈ ಮೇಲು. ಸೋಡಿಯಂ ಅಯಾನು ಪೊಟ್ಯಾಸಿಯಂಗಿಂತ ಚಿಕ್ಕದು. ದೊಡ್ಡದನ್ನು ಬಿಡುವ ಬಾಗಿಲು ಚಿಕ್ಕದನ್ನು ತಡೆಯುವುದು ಹೇಗೆ? ಹತ್ತು ಸಾವಿರ ಪೊಟ್ಯಾಸಿಯಂ ದಾಟಿದರೆ ಸೋಡಿಯಂ ನುಸುಳುವುದು ಒಂದೋ ಎರಡೋ. 1998ರಲ್ಲಿ ರೋಡ್ರಿಕ್ ಮೆಕಿನ್ನನ್ ಆ ಬಾಗಿಲಿನ ರಚನೆಯನ್ನು ಎಕ್ಸ್-ರೇ ಹಾಯಿಸಿ ಬಿಡಿಸಿ ತೋರಿಸಿದರು. ನೀರಿನಲ್ಲಿರುವ ಅಯಾನಿನ ಸುತ್ತ ನೀರಿನ ಅಣುಗಳು ಕವಿದಿರುತ್ತವೆ. ಒಳಹೋಗಬೇಕೆಂದರೆ ಅವನ್ನು ಕಳಚಬೇಕು, ಅದಕ್ಕೆ ಶಕ್ತಿ ಬೇಕು. ಬಾಗಿಲಿನ ಒಳಮೈಯಲ್ಲಿ ಆಮ್ಲಜನಕದ ಪರಮಾಣುಗಳು ಪೊಟ್ಯಾಸಿಯಂನ ಅಳತೆಗೆ ಸರಿಯಾಗಿ ನಿಂತು, ಕಳಚಿದ ನೀರಿನ ಜಾಗವನ್ನು ತಾವು ತುಂಬುತ್ತವೆ. ಚಿಕ್ಕ ಸೋಡಿಯಂಗೆ ಅವು ಎಟುಕುವುದಿಲ್ಲ. ನೀರು ಕಳಚಿದ ನಷ್ಟ ತುಂಬಿಬರದ ಕಾರಣ ಅದು ಹೊರಗೇ ಉಳಿಯುತ್ತದೆ. ಆಗ್ರೆ, ಮೆಕಿನ್ನನ್ ಇಬ್ಬರಿಗೂ 2003ರ ನೊಬೆಲ್ ಬಂತು.

ಇವೆಲ್ಲ ತೆರೆದರೆ ಸಾಕಾಗುವ ಬಾಗಿಲುಗಳು. ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ವಸ್ತು ತಾನೇ ಸರಿಯುತ್ತದೆ, ಕೋಶಕ್ಕೆ ಖರ್ಚಿಲ್ಲ. ಆದರೆ ಎಲ್ಲ ಬಾಗಿಲುಗಳೂ ಇಂಥವೇ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಒಳಗೂ ಹೊರಗೂ ಒಂದೇ ಆಗಿಬಿಡುತ್ತಿತ್ತು. ಒಳಗೂ ಹೊರಗೂ ಒಂದೇ ಆದ ಕೋಶಕ್ಕೆ ಹೆಣ ಎನ್ನುತ್ತಾರೆ. ಒಳಗೊಂದು ಹೊರಗೊಂದು ಇರುವುದು ಮನುಷ್ಯನಿಗೆ ದೋಷವಿದ್ದೀತು, ಕೋಶಕ್ಕೆ ಅದೇ ಬದುಕು. ನಮ್ಮ ಕೋಶಗಳ ಒಳಗೆ ಪೊಟ್ಯಾಸಿಯಂ ಹೊರಗಿಗಿಂತ ಸುಮಾರು 30 ಪಟ್ಟು ಹೆಚ್ಚು. ಸೋಡಿಯಂ ಹೊರಗೆ, ಒಳಗಿಗಿಂತ 10 ಪಟ್ಟಿಗೂ ಹೆಚ್ಚು. ಈ ಅಂತರವನ್ನು ಹಗಲೂ ರಾತ್ರಿ ಕಾಯುವುದು ಒಂದು ಪಂಪು.

ಅದನ್ನು ಹಿಡಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಮೂಲತಃ ಶಸ್ತ್ರಚಿಕಿತ್ಸೆ ಕಲಿತ ಡಾಕ್ಟರು. ಮರಗಟ್ಟಿಸುವ ಔಷಧ ನರದ ಮೇಲೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಏಡಿಕಾಲಿನ ನರಗಳನ್ನು ಅರೆಯುತ್ತಿದ್ದರು. ಆ ಅರೆತದಲ್ಲಿ, ಕೋಶಕ್ಕೆ ಶಕ್ತಿಯ ನಾಣ್ಯವಾದ ಎಟಿಪಿ ಎಂಬ ಅಣುವನ್ನು ಒಡೆಯುವ ಒಂದು ಕಿಣ್ವವಿತ್ತು. ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಒಟ್ಟಿಗೆ ಕೊಟ್ಟಾಗ ಮಾತ್ರ ಅದು ಚುರುಕಾಗುತ್ತಿತ್ತು. 1957ರಲ್ಲಿ ಆ ಪ್ರಬಂಧ ಪ್ರಕಟವಾಯಿತು. ಪಂಪಿನ ಲೆಕ್ಕ ಆಮೇಲೆ ತಿಳಿಯಿತು: ಒಂದು ಎಟಿಪಿ ಖರ್ಚಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ನೊಬೆಲ್ ಬರುವಾಗ 1997, ಸ್ಕೌ ಅವರಿಗೆ 79 ವರ್ಷ. ನಾವು ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿಯಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಈ ಒಂದೇ ಪಂಪಿಗೆ ಹೋಗುತ್ತದೆ. ಮಿದುಳಿನಲ್ಲಿ ಈ ಪಾಲು ಇನ್ನೂ ಹೆಚ್ಚು.

ಖರ್ಚು ದುಂದು ಎನಿಸಬಹುದು. ಅಲ್ಲ, ಅದು ಎಲ್ಲಿ ವಸೂಲಾಗುತ್ತದೆಂದು ನೋಡಲು ಬನಶಂಕರಿ ಗುಡಿಯ ಮುಂದೆ ಊಟಕ್ಕೆ ಕೂತರೆ ಸಾಕು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿ ಇಳಿಸಿಕೊಂಡು, "ಬರ್ರೀ ಅಣ್ಣಾರ, ರೊಟ್ಟಿ ಉಣ್ಣ ಬರ್ರೀ, ಗಡಿಗಿ ಮೊಸರ ಐತ್ರೀ" ಎಂದು ಕರೆಯುತ್ತಾರೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ ಬದನೆ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಕೆನೆಗಟ್ಟಿದ ಮೊಸರು. ಮೊದಲ ತುತ್ತು ರೊಟ್ಟಿಯದು.

ರೊಟ್ಟಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆಯುತ್ತದೆ. ಕರುಳಿನ ಕೋಶ ಅದನ್ನು ಕೊನೆಯ ಕಾಳಿನವರೆಗೂ ಬಳಿದುಕೊಳ್ಳಬೇಕು; ಹೊರಗೆ ಕಡಿಮೆ, ಒಳಗೆ ಹೆಚ್ಚು ಇದ್ದರೂ ಎಳೆದುಕೊಳ್ಳಬೇಕು. ಇಲ್ಲಿ ಪಂಪಿನ ದುಡಿಮೆ ಫಲ ಕೊಡುತ್ತದೆ. ಸೋಡಿಯಂಗೆ ಒಳಗೆ ನುಗ್ಗುವ ತವಕ ಇದ್ದೇ ಇದೆ, ಏಕೆಂದರೆ ಪಂಪು ಅದನ್ನು ಹೊರಗೆ ಒತ್ತಿಟ್ಟಿದೆ. ಕರುಳಿನ ಕಡೆಯ ಪೊರೆಯಲ್ಲಿರುವ ಜೋಡಿ ಬಾಗಿಲು ಎರಡು ಸೋಡಿಯಂ ಮತ್ತು ಒಂದು ಗ್ಲೂಕೋಸ್ ಒಟ್ಟಿಗೆ ಬಂದರಷ್ಟೇ ತೆರೆಯುತ್ತದೆ. ಸೋಡಿಯಂನ ಆತುರದ ಬೆನ್ನಿಗೆ ಸಕ್ಕರೆಯೂ ಒಳಬರುತ್ತದೆ. ಉಪ್ಪು, ಸಕ್ಕರೆ ಹೋದ ದಾರಿಯಲ್ಲಿ ನೀರು ಹಿಂಬಾಲಿಸುತ್ತದೆ. ಈ ಜೋಡಿ ಬಾಗಿಲಿನ ವಿಚಾರವನ್ನು 1960ರ ಆಗಸ್ಟಿನಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ರಾಬರ್ಟ್ ಕ್ರೇನ್ ಮುಂದಿಟ್ಟರು.

ಪೊರೆಯ ವಿಜ್ಞಾನದಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸಿದ ಸಂಗತಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಒಂದು ಕಾಲಕ್ಕೆ ಜಾತ್ರೆ ಎಂದರೆ ಕಾಲರಾ ಭಯವೂ ಹೌದು. ಸಾವಿರಾರು ಜನ, ಒಂದೇ ನೀರು. ಕಾಲರಾ ರೋಗಾಣು ಕೊಲ್ಲುವುದು ತನ್ನ ವಿಷದಿಂದ ಎಂದು 1959ರಲ್ಲಿ ಕಲ್ಕತ್ತಾದ ಶಂಭುನಾಥ ಡೇ ತೋರಿಸಿದರು. ಆ ವಿಷ ಕರುಳಿನ ಕೋಶದ ಕ್ಲೋರೈಡ್ ಬಾಗಿಲನ್ನು ಮುಚ್ಚಲಾಗದಂತೆ ತೆರೆದಿಡುತ್ತದೆ. ಕ್ಲೋರೈಡ್ ಹೊರಗೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ಮೈಯ ನೀರೆಲ್ಲ. ಬರೀ ನೀರು ಕುಡಿಸಿದರೆ ನಿಲ್ಲದು, ಉಪ್ಪುನೀರು ಕುಡಿಸಿದರೂ ನಿಲ್ಲದು. ಆದರೆ ಆ ವಿಷ ಜೋಡಿ ಬಾಗಿಲನ್ನು ಮುಟ್ಟುವುದಿಲ್ಲ. ಉಪ್ಪಿನ ಜೊತೆ ಸಕ್ಕರೆಯನ್ನೂ ಕೊಟ್ಟರೆ ಆ ಬಾಗಿಲು ಎಂದಿನಂತೆ ತೆರೆದು ನೀರನ್ನು ಒಳಗೆ ಸೆಳೆಯುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟು ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಓಆರ್‌ಎಸ್ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ. ರುಚಿಗೆಂದು ಸಕ್ಕರೆ ಹೆಚ್ಚು ಹಾಕಬಾರದು. ಕರುಳಿನಲ್ಲಿ ಸಕ್ಕರೆ ಮಿಕ್ಕಿದರೆ ಅದು ನೀರನ್ನು ತಿರುಗಿ ಹೊರಗೆಳೆಯುತ್ತದೆ. ಭೇದಿಯಾದ ಮಗುವಿಗೆ ಅಂಗಡಿಯ ಬಾಟಲಿ ಪಾನೀಯ ಕುಡಿಸಬೇಡಿ ಎನ್ನುವುದು ಈ ಕಾರಣಕ್ಕೇ.

ರಕ್ತಕ್ಕೆ ಇಳಿದ ಗ್ಲೂಕೋಸ್ ಸ್ನಾಯುವಿನೊಳಗೆ ಹೋಗಬೇಕಾದರೆ ಬೇರೆ ಬಾಗಿಲು. ಊಟವಿಲ್ಲದ ಹೊತ್ತಿನಲ್ಲಿ ಆ ಬಾಗಿಲುಗಳಲ್ಲಿ ಹೆಚ್ಚಿನವು ಪೊರೆಯ ಮೇಲೆ ಇರುವುದಿಲ್ಲ. ಕೋಶದ ಒಳಗಿನ ಪುಟ್ಟ ಚೀಲಗಳಲ್ಲಿ ದಾಸ್ತಾನಾಗಿರುತ್ತವೆ. ಇನ್ಸುಲಿನ್ ಬಂದು ಹೇಳಿದಾಗ ಮೇಲೆ ಬಂದು ಕೂರುತ್ತವೆ. ಸಕ್ಕರೆ ಕಾಯಿಲೆಯವರ ಕಷ್ಟದ ಒಂದು ಪಾಲು ಇಲ್ಲಿದೆ, ಹೇಳಿಕಳಿಸಿದರೂ ಬಾಗಿಲುಗಳು ಬರುವುದಿಲ್ಲ. ಸ್ನಾಯು ದುಡಿದರೆ ಮಾತ್ರ ಇನ್ಸುಲಿನ್ನಿನ ಹಂಗಿಲ್ಲದೆಯೂ ಅವು ಮೇಲೇಳುತ್ತವೆ. ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ, ಜೋಳದಲ್ಲೂ ಮುಕ್ಕಾಲು ಪಾಲಿನಷ್ಟು ಪಿಷ್ಟವೇ ಇರುವುದು. ರೊಟ್ಟಿ ಉಂಡು ಬಾದಾಮಿ ಗುಹೆಗಳ ಮೆಟ್ಟಿಲು ಹತ್ತಿದರೆ ಅದು ಬೇರೆ ಮಾತು.

ಒಳಬಂದ ಗ್ಲೂಕೋಸ್ ಕೊನೆಗೆ ಎಟಿಪಿ ಆಗಬೇಕು. ಸ್ನಾಯುವಿನಲ್ಲಿ ಎಟಿಪಿ ಇದೆ ಎಂದು 1929ರಲ್ಲಿ ಕಂಡವರಲ್ಲಿ ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್ ಒಬ್ಬರು. ಹಾರ್ವರ್ಡ್‌ನಲ್ಲಿ ಫಿಸ್ಕೆ ಎಂಬ ವಿಜ್ಞಾನಿಯ ಜೊತೆಗಿದ್ದರು. ಒಂದು ಹೊತ್ತಿಗೆ ನಮ್ಮ ಮೈಯಲ್ಲಿರುವ ಎಟಿಪಿ ಒಂದೆರಡು ಹಿಡಿಯಷ್ಟು. ದಿನಪೂರ್ತಿ ಒಡೆದು ಮತ್ತೆ ಕೂಡಿಸುವ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ ಮೈತೂಕದಷ್ಟು! ಆಹಾರ ಸುಟ್ಟ ಶಕ್ತಿ ಎಟಿಪಿಗೆ ಹೇಗೆ ದಾಟುತ್ತದೆ ಎಂಬುದು ಬಹುಕಾಲ ಬಿಡಿಸಲಾಗದ ಗಂಟಾಗಿತ್ತು. ನಡುವೆ ಒಂದು ರಾಸಾಯನಿಕ ಇರಲೇಬೇಕೆಂದು ಎಲ್ಲರೂ ಹುಡುಕುತ್ತಿದ್ದರು. 1961ರಲ್ಲಿ ಪೀಟರ್ ಮಿಚೆಲ್ ಎಂಬ ಇಂಗ್ಲಿಷ್ ವಿಜ್ಞಾನಿ, ಅಂಥ ರಾಸಾಯನಿಕವೇ ಇಲ್ಲ, ಇರುವುದು ಪೊರೆಯ ಎರಡು ಬದಿಯ ಅಂತರ ಮಾತ್ರ ಎಂದ. ಕೋಶದೊಳಗೆ ಆಹಾರ ಸುಡುವ ಒಲೆಯಾದ ಮೈಟೋಕಾಂಡ್ರಿಯಾದ ಒಳಪೊರೆಯಲ್ಲಿ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ಸಾಗಿ ಕೊನೆಗೆ ಆಮ್ಲಜನಕವನ್ನು ಸೇರುವ ದಾರಿಯಲ್ಲಿ ಪ್ರೋಟಾನುಗಳನ್ನು ಹೊರಗೆ ದೂಡುತ್ತವೆ. ಹೊರಗೆ ಒತ್ತೊತ್ತಾಗಿ ನೆರೆದ ಪ್ರೋಟಾನುಗಳು ಮರಳಿ ಒಳಬರುವ ಬಾಗಿಲೇ ಎಟಿಪಿ ಮಾಡುವ ಯಂತ್ರ. ಅದು ನಿಜವಾಗಿಯೂ ಗಿರಗಿರ ತಿರುಗುತ್ತದೆ. ಸೆಕೆಂಡಿಗೆ ನೂರು ಸುತ್ತಿಗೂ ಹೆಚ್ಚು. ಪೊರೆಯ ಎರಡು ಬದಿಗಳ ನಡುವಿನ ವೋಲ್ಟೇಜ್ ವೋಲ್ಟಿನ ಆರನೇ ಒಂದು ಭಾಗದಷ್ಟೇ ಇರಬಹುದು. ಆದರೆ ಪೊರೆ ಎಷ್ಟು ತೆಳುವೆಂದರೆ, ಮೀಟರಿನ ಲೆಕ್ಕದಲ್ಲಿ ಹೇಳಿದರೆ ಅದು ಸುಮಾರು ಮೂರು ಕೋಟಿ ವೋಲ್ಟ್.

ಮಿಚೆಲ್‌ನನ್ನು ಯಾರೂ ನಂಬಲಿಲ್ಲ. ಹೊಟ್ಟೆಹುಣ್ಣಿನಿಂದ ಬಳಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಬಿಟ್ಟು, ಕಾರ್ನ್‌ವಾಲ್‌ನಲ್ಲಿ ಹಾಳುಬಿದ್ದ ಗ್ಲಿನ್ ಹೌಸ್ ಎಂಬ ಬಂಗಲೆಯನ್ನು ದುರಸ್ತಿ ಮಾಡಿಸಿ, ಅಲ್ಲೇ ಸಹವಿಜ್ಞಾನಿ ಜೆನಿಫರ್ ಮೊಯ್ಲ್ ಜೊತೆ ಪ್ರಯೋಗ ಮುಂದುವರಿಸಿದ. 1978ರಲ್ಲಿ ನೊಬೆಲ್ ಆ ಬಂಗಲೆಗೇ ಹೋಯಿತು.

ಈಗ ತಟ್ಟೆಯ ಪಲ್ಯಕ್ಕೆ ಬರೋಣ. ಬನಶಂಕರಿ ಎಂದರೆ ಶಾಕಾಂಬರಿ, ಕಾಯಿಪಲ್ಯದ ದೇವತೆ. ಜಾತ್ರೆಯ ಪಲ್ಲೇದ ಹಬ್ಬಕ್ಕೆ 108 ಬಗೆಯ ಕಾಯಿಪಲ್ಯದ ಅಡುಗೆ ನೈವೇದ್ಯವಾಗುತ್ತದೆ. ಅಷ್ಟೂ ಕಾಯಿ, ಸೊಪ್ಪು, ಗೆಡ್ಡೆಗಳ ಕೋಶಗಳಲ್ಲಿ ಪ್ರಾಣಿಕೋಶಕ್ಕಿಲ್ಲದ ಒಂದು ದೊಡ್ಡ ಒಳಕೋಣೆ ಇದೆ, ರಸದಾನಿ. ಬಲಿತ ಕೋಶದ ನೂರಕ್ಕೆ ಎಂಬತ್ತು ಪಾಲು ಜಾಗ ಅದರದೇ. ಪುಂಡಿ ಸೊಪ್ಪಿನ ಹುಳಿಯೆಲ್ಲ ಅಲ್ಲಿ ಬೀಗ ಹಾಕಿ ಇಟ್ಟದ್ದು; ಅದರ ಪೊರೆಯಲ್ಲಿರುವ ಪ್ರೋಟಾನ್ ಪಂಪುಗಳು ಆಮ್ಲವನ್ನು ಒಳಗೆ ಕೂಡಿಹಾಕುತ್ತವೆ, ಸುತ್ತಲ ಕೋಶರಸಕ್ಕೆ ಹುಳಿ ತಾಕುವುದಿಲ್ಲ. ಒಲೆಯ ಮೇಲಿಟ್ಟ ಕೂಡಲೆ ಪೊರೆ ಹರಿದು ಆಮ್ಲ ಹೊರಬಿದ್ದು ಹಸಿರು ಬಣ್ಣದ ಕ್ಲೋರೊಫಿಲ್‌ನಿಂದ ಮೆಗ್ನೀಸಿಯಂ ಕಿತ್ತುಕೊಳ್ಳುತ್ತದೆ. ಪುಂಡಿ ಪಲ್ಯ ಎಂದೂ ಮೆಂತ್ಯೆಯಷ್ಟು ಹಸಿರಾಗಿ ಉಳಿಯದಿರುವುದು ಅದಕ್ಕೇ. ಉಳ್ಳಾಗಡ್ಡಿಯದೂ ಇಂಥದೇ ಕತೆ. ಕಿಣ್ವ ರಸದಾನಿಯಲ್ಲಿ, ಅದು ಒಡೆಯುವ ಗಂಧಕದ ವಸ್ತು ಹೊರಗೆ. ಹೆಚ್ಚಿದಾಗ ಎರಡೂ ಕೂಡಿ ಕಣ್ಣೀರು ಬರಿಸುತ್ತವೆ.

ರೊಟ್ಟಿಯ ಜೋಳ ಈ ತಂತ್ರವನ್ನು ಕೊಲ್ಲುವ ಮಟ್ಟಕ್ಕೆ ಒಯ್ದಿದೆ. ಹುನಗುಂದ, ಬಾದಾಮಿ ಸೀಮೆಯ ಎರೆ ಹೊಲದ ರೈತರು ಮಳೆ ಇಲ್ಲದೆ ಬಾಡಿದ ಎಳೆ ಜೋಳಕ್ಕೆ, ಕೊಯ್ದ ಮೇಲೆ ಬುಡದಿಂದ ಒಡೆದ ಕೂಳೆ ಚಿಗುರಿಗೆ ದನ ಬಿಡುವುದಿಲ್ಲ. ಎಳೆ ಎಲೆಯ ಮೇಲುಪದರದ ಕೋಶಗಳ ರಸದಾನಿಯಲ್ಲಿ ಧುರಿನ್ ಎಂಬ ವಸ್ತು ಇದೆ, ಸುಮ್ಮನಿದ್ದರೆ ನಿರುಪದ್ರವಿ. ಅದನ್ನು ಒಡೆಯುವ ಕಿಣ್ವ ಒಳಪದರದ ಬೇರೆ ಕೋಶಗಳಲ್ಲಿದೆ. ಎತ್ತು ಬಾಯಿ ಹಾಕಿ ಅಗಿದರೆ ಗೋಡೆಗಳೆಲ್ಲ ಕುಸಿದು ಎರಡೂ ಸೇರುತ್ತವೆ, ಸಯನೈಡ್ ಹುಟ್ಟುತ್ತದೆ. ಅದು ಪೊರೆಗಳನ್ನು ಸಲೀಸಾಗಿ ದಾಟಿ ಮೈಟೋಕಾಂಡ್ರಿಯಾದಲ್ಲಿ ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಒಪ್ಪಿಸುವ ಕಟ್ಟಕಡೆಯ ಕಿಣ್ವವನ್ನು ಹಿಡಿದು ಕೂರುತ್ತದೆ. ಪ್ರೋಟಾನ್ ದೂಡುವುದು ನಿಂತಿತು, ಎಟಿಪಿ ನಿಂತಿತು, ಸ್ಕೌ ಅವರ ಪಂಪೂ ನಿಂತಿತು. ಎತ್ತು ಏದುಸಿರು ಬಿಡುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿದ್ದರೂ ಕೋಶಕ್ಕೆ ಅದನ್ನು ಬಳಸಲಾಗದು. ಸತ್ತ ದನದ ರಕ್ತ ಕಡುಕಪ್ಪಾಗದೆ ಕೆಂಪಗೇ ಇರುವುದು ಆ ಕಾರಣಕ್ಕೆ. ಪಶುವೈದ್ಯರು ಹೊತ್ತಿಗೆ ಸರಿಯಾಗಿ ಬಂದು ಸೋಡಿಯಂ ನೈಟ್ರೈಟ್, ಥಯೋಸಲ್ಫೇಟ್ ಚುಚ್ಚಿದರೆ ಉಳಿಸಬಹುದು. ಬೆಳೆ ಬಲಿತಂತೆ ಧುರಿನ್ ಕಡಿಮೆಯಾಗುತ್ತದೆ, ಒಣಗಿಸಿದ ಕಣಿಕೆಯಲ್ಲಿ ಭಯ ಬಹುಮಟ್ಟಿಗೆ ಇಲ್ಲ. ಕಾಳಿನಲ್ಲಂತೂ ಅದು ಇರುವುದೇ ಇಲ್ಲ, ರೊಟ್ಟಿ ನಿಶ್ಚಿಂತೆಯಿಂದ ತಿನ್ನಬಹುದು.

ಕೆಂಪು ಚಟ್ನಿಯ ಖಾರ ಕೋಶದ ಬಾಗಿಲಿಗೇ ಕೈ ಹಾಕುತ್ತದೆ. ನಾಲಿಗೆಯ ನರದಲ್ಲಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆಯುವ ಒಂದು ಬಾಗಿಲಿದೆ. ಸುಡುತ್ತಿದೆ ಎಂದು ಮಿದುಳಿಗೆ ತಿಳಿಸುವುದು ಅದರ ಕೆಲಸ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುವ ವಸ್ತುವಾದ್ದರಿಂದ ಪೊರೆಯೊಳಗೇ ನುಸುಳಿ, ಬಾಗಿಲನ್ನು ಒಳಗಿನಿಂದ ತೆರೆಯುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಒಳನುಗ್ಗಿ, ಬಾಯಲ್ಲಿ ಬೆಂಕಿಯಿಲ್ಲದಿದ್ದರೂ ಬೆಂಕಿ ಬಿದ್ದ ಸುದ್ದಿ ಹೋಗುತ್ತದೆ. ಈ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಕ್ಕಿಗಳಲ್ಲಿ ಇದೇ ಬಾಗಿಲು ತುಸು ಬೇರೆ ಆಕಾರದ್ದು, ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿ ಕಚ್ಚಿ ಕೂತಿರುವುದು ಧೈರ್ಯದಿಂದಲ್ಲ. ಖಾರ ಹತ್ತಿದವರು ನೀರು ಕುಡಿದರೆ ಏನೂ ಆಗದು, ಎಣ್ಣೆಯ ವಸ್ತು ನೀರಿಗೆ ಬಿಟ್ಟುಕೊಡುವುದಿಲ್ಲ. ಗಡಿಗೆಯ ಮೊಸರಿನ ಕೊಬ್ಬು ಮತ್ತು ಕೇಸಿನ್ ಪ್ರೋಟೀನು ಅದನ್ನು ಹಿಡಿದು ಒಯ್ಯುತ್ತವೆ.

ಆ ಮೊಸರೂ ಬಾಗಿಲುಗಳದೇ ಫಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಹೆಪ್ಪಿನಲ್ಲಿರುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಅದನ್ನು ಒಳಗೆಳೆದು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಎರಡಾಗಿ ಸೀಳುತ್ತದೆ. ಗ್ಲೂಕೋಸನ್ನು ಬಳಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ. ಗ್ಯಾಲಕ್ಟೋಸ್ ಅದಕ್ಕೆ ಹೆಚ್ಚಾಗಿ ಬೇಡ. ಅದೇ ಬಾಗಿಲಿನಲ್ಲಿ ಗ್ಯಾಲಕ್ಟೋಸನ್ನು ಹೊರಗೆ ಹಾಕಿ, ಅದರ ಬದಲಿಗೆ ಹೊಸ ಲ್ಯಾಕ್ಟೋಸನ್ನು ಬರಮಾಡಿಕೊಳ್ಳುತ್ತದೆ. ಕಸ ಎಸೆಯುವ ಬಲದಲ್ಲೇ ಊಟ ಒಳಬರುತ್ತದೆ, ಪ್ರತ್ಯೇಕ ಖರ್ಚಿಲ್ಲ. ಹಾಲಿನ ಪಿಎಚ್ 6.6ರಿಂದ 4.6ರ ಹತ್ತಿರ ಇಳಿದಾಗ ಕೇಸಿನ್ ಒಂದಕ್ಕೊಂದು ಅಂಟಿ ಮೊಸರು ಗಟ್ಟಿಯಾಗುತ್ತದೆ. ಮಣ್ಣಿನ ಗಡಿಗೆ ನೀರಿನಂಶವನ್ನು ಹೀರಿ ಇನ್ನಷ್ಟು ಬಿಗಿ ಮಾಡುತ್ತದೆ.

ಬ್ಯಾಕ್ಟೀರಿಯಾಗೆ ತೊಂದರೆ ಶುರುವಾಗುವುದು ಅಲ್ಲಿಂದ. ಹೊರಗೆ ಹುಳಿ ಹೆಚ್ಚಿದಂತೆ ಲ್ಯಾಕ್ಟಿಕ್ ಆಮ್ಲದ ಒಂದಷ್ಟು ಅಣುಗಳು ವಿದ್ಯುದಂಶ ಕಳೆದುಕೊಳ್ಳುತ್ತವೆ. ಹಾಗಾದವು ಬಾಗಿಲನ್ನು ಕೇಳುವುದಿಲ್ಲ, ಕೊಬ್ಬಿನ ಗೋಡೆಯನ್ನೇ ದಾಟಿ ಒಳಬರುತ್ತವೆ. ಒಳಗೆ ಬಂದೊಡನೆ ಪ್ರೋಟಾನ್ ಬಿಟ್ಟುಕೊಡುತ್ತವೆ. ಅದನ್ನು ಹೊರದೂಡಲು ಬ್ಯಾಕ್ಟೀರಿಯಾ ಎಟಿಪಿ ಖರ್ಚು ಮಾಡಬೇಕು. ದೂಡಿದಷ್ಟೂ ಮತ್ತೆ ಬರುತ್ತವೆ. ಕೊನೆಗೆ ದುಡಿದದ್ದೆಲ್ಲ ಪಂಪಿಗೇ ಹೋಗಿ ಬೆಳೆಯಲು ಏನೂ ಮಿಗದು. ಹಾಲು ಕೆಡಿಸುವ ಬೇರೆ ಸೂಕ್ಷ್ಮಜೀವಿಗಳದೂ ಅಲ್ಲಿ ಇದೇ ಪಾಡು, ಮೊಸರು ಹಾಲಿಗಿಂತ ಹೆಚ್ಚು ದಿನ ತಡೆಯುವುದು ಇದರಿಂದಲೇ. ಹಾಲಿಗೆ ಹೆಪ್ಪು ಹಾಕುವಾಗ ನಾಲ್ಕು ದಿನದ ಹುಳಿ ಮೊಸರು ಬಿಟ್ಟು ನಿನ್ನೆಯದನ್ನೇ ಆರಿಸಿಕೊಳ್ಳುತ್ತಾರಲ್ಲ, ಅದರಲ್ಲಿ ಪಂಪು ಇನ್ನೂ ನಡೆಯುತ್ತಿರುವ ಬ್ಯಾಕ್ಟೀರಿಯಾಗಳು ಹೆಚ್ಚು.